ಮಾರ್ಗಿಲಾನ್‌ನಲ್ಲಿ ಎದೆ ಮುಟ್ಟಿದ ಕೈ

ಬುಧವಾರ, ರಾಮನಗರ

ಹೊರಡುವ ದಿನ ಬೆಳಿಗ್ಗೆಯೂ ಅಬ್ಬಾ ಬೇಸಿನ್ ಮುಂದೆಯೇ ಕೂತಿದ್ದರು. ಬಿಸಿನೀರಿನಲ್ಲಿ ರೇಷ್ಮೆ ಗೂಡುಗಳು ತೇಲಿ ಮುಳುಗುತ್ತಿದ್ದವು, ಅವರ ಬೆರಳುಗಳು ಎಳೆ ಹುಡುಕುತ್ತಿದ್ದವು. ನನ್ನ ಸೂಟ್‌ಕೇಸನ್ನು ಒಮ್ಮೆ ನೋಡಿ, "ಶಬೀನಾ, ಅಲ್ಲೂ ನಮ್ಮ ಹಾಗೇ ನೂಲು ಬಿಚ್ಚುತ್ತಾರಂತೆ. ನೀರು ಎಷ್ಟು ಬಿಸಿ ಇಡುತ್ತಾರೆ ಅಂತ ಕೇಳಿಕೊಂಡು ಬಾ" ಎಂದರು. ಸ್ವಲ್ಪ ತಡೆದು, "ಮಕ್ಕಳ ಆಟ. ಯಾರನ್ನೂ ಅಳಿಸಬೇಡ" ಎಂದೂ ಸೇರಿಸಿದರು.

ನಾನು ಚದುರಂಗದ ತೀರ್ಪುಗಾರ್ತಿ. ಒಬ್ಬರಾದರೂ ಅಳದ ಪಂದ್ಯಾವಳಿಯನ್ನು ನಾನು ಇನ್ನೂ ಕಂಡಿಲ್ಲ. ಚನ್ನಪಟ್ಟಣದ ಕಲ್ಯಾಣ ಮಂಟಪದಲ್ಲಿ ಇಬ್ಬರು, ಮಾಗಡಿಯ ಶಾಲೆಯ ಊಟದ ಕೋಣೆಯಲ್ಲಿ ನಾಲ್ವರು (ಅದರಲ್ಲಿ ಒಬ್ಬ ಅತ್ತಿದ್ದು ಕೊನೆಯ ಬಸ್ಸು ತಪ್ಪಿತು ಎಂದು). ಇದನ್ನೆಲ್ಲ ಗೆರೆ ಎಳೆದು ಬರೆದಿಡುವುದು ನನ್ನ ಅಭ್ಯಾಸ. ಅಬ್ಬಾಗೆ ಹೇಳಲಿಲ್ಲ, ತಲೆ ಆಡಿಸಿದೆ.

ಹೋಗುತ್ತಿದ್ದದ್ದು ಉಜ್ಬೇಕಿಸ್ತಾನಕ್ಕೆ. ಅಲ್ಲಿ ಇಡೀ ದೇಶದಿಂದ ಹತ್ತು ಮಂದಿ ಕಿರಿಯ ಆಟಗಾರರನ್ನು ಆರಿಸಿ, ಆಹ್ವಾನ ಕಳಿಸಿ, ರಾಷ್ಟ್ರೀಯ ಪಂದ್ಯ ಆಡಿಸುತ್ತಾರೆ. ಪ್ರತಿಯೊಬ್ಬರೂ ಉಳಿದ ಒಂಬತ್ತು ಮಂದಿಯೊಂದಿಗೆ ಆಡಬೇಕು. ಗೆದ್ದವರಿಗೆ ರಾಜಧಾನಿಯ ಕ್ರೀಡಾ ವಸತಿ ಶಾಲೆಯಲ್ಲಿ ಒಂದು ಜಾಗ, ಒಬ್ಬ ದೊಡ್ಡ ಗುರು. ಎರಡನೆಯವರಿಗೆ ಚಪ್ಪಾಳೆ. ಆದರೆ ಅಲ್ಲಿ ಆಟಗಾರರು, ಗುರುಗಳು, ತೀರ್ಪುಗಾರರು ಎಲ್ಲರೂ ಒಬ್ಬರಿಗೊಬ್ಬರು ಬೇಕಾದವರೇ. ಹಿಂದೆ ಅದರಿಂದ ಮುನಿಸುಗಳಾಗಿದ್ದವಂತೆ. ಈ ಸಲ ಹೊರಗಿನವರು ಇರಲಿ ಎಂದು ನಮ್ಮ ಪುಟ್ಟಸ್ವಾಮಿ ಮೇಷ್ಟ್ರನ್ನು ಕರೆದರು. ಮೇಷ್ಟ್ರು ತಮ್ಮ ಸಹಾಯಕಳಾಗಿ ನನ್ನನ್ನು ಕರೆದರು.

ಮೇಷ್ಟ್ರು ಕನಕಪುರ ತಾಲ್ಲೂಕಿನ ದೊಡ್ಡಆಲಹಳ್ಳಿಯವರು. ಹೈಸ್ಕೂಲಿನಲ್ಲಿ ಆಟದ ಮೇಷ್ಟ್ರಾಗಿದ್ದು ನಿವೃತ್ತರಾದವರು. ನನಗೆ ಈ ಕೆಲಸ ಕಲಿಸಿದವರು. ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಾರೆ. ಅವರ ಗೂಡು ಬಂದು ಸೇರುವುದು ರಾಮನಗರದ ಮಾರುಕಟ್ಟೆಗೆ, ಅದನ್ನು ಹರಾಜಿನಲ್ಲಿ ಕೂಗಿ ಕೊಳ್ಳುವುದು ನಮ್ಮ ಅಬ್ಬಾನಂಥವರು. ಹಾಗಾಗಿ ವಿಮಾನದಲ್ಲಿ ಕೂತು ಬೆಲ್ಟ್ ಹಾಕಿಕೊಳ್ಳುವಾಗಲೇ ಶುರುವಾಯಿತು.

"ಹೋದ ಬೆಳೇಲಿ ನಿಮ್ಮಪ್ಪ ನನ್ನ ಗೂಡು ಅಲ್ಲಾಡ್ಸಿ, ಕಿವಿ ಹತ್ರ ಇಟ್ಕೊಂಡು, ಮೂತಿ ತಿರುಗಿಸ್ಕೊಂಡು ಹೋಗ್ಬುಟ್ಟ ಕಣವ್ವ."

"ನಿಮ್ಮ ಗೂಡೇ ತೆಳ್ಳಗಿತ್ತೇನೋ ಸರ್."

"ತೆಳ್ಳಗಂತೆ. ಇರು, ಅಲ್ಲೀ ಗೂಡು ಹೆಂಗವೆ ನೋಡವ. ಆಮೇಕೆ ಮಾತಾಡು."

ಶುಕ್ರವಾರ, ತಾಷ್ಕೆಂಟಿನಿಂದ ರೈಲು

ಮಾರ್ಗಿಲಾನ್ ಊರಿಗೆ ರೈಲು ಬೆಟ್ಟಗಳನ್ನು ದಾಟಿ ಹೋಗುತ್ತದೆ. ನಡುವೆ ಒಂದು ಸುರಂಗ. ಅದು ಎಷ್ಟು ಉದ್ದವೆಂದರೆ, ಒಳಗೆ ಹೋದಾಗ ಎಚ್ಚರವಾಗಿದ್ದವರು ಹೊರಗೆ ಬರುವಾಗ ನಿದ್ದೆಯಲ್ಲಿರುತ್ತಾರೆ. ನಾನೂ ಹಾಗೇ ಕಣ್ಣು ಮುಚ್ಚಿದೆ. ತೆರೆದಾಗ ಕಿಟಕಿಯ ತುಂಬ ಹಸಿರು ಬಯಲು, ಅದರ ಅಂಚಿಗೆ ಹಿಮದ ಬೆಟ್ಟಗಳು, ಮತ್ತು ಸಾಲು ಸಾಲು ಹಿಪ್ಪುನೇರಳೆ. ನಮ್ಮಲ್ಲಿ ಹಿಪ್ಪುನೇರಳೆ ಹೊಲದಲ್ಲಿ ಸೊಂಟದ ಎತ್ತರಕ್ಕೆ ನಿಲ್ಲುವ ಗಿಡ. ಇಲ್ಲಿ ಅದು ರಸ್ತೆ ಬದಿಯ ಮುದಿ ಮರ. ಕೊಂಬೆಗಳನ್ನೆಲ್ಲ ಕತ್ತರಿಸಿದ್ದರಿಂದ ತುದಿಯಲ್ಲಿ ಗಂಟುಗಂಟಾಗಿ, ಮುಷ್ಟಿ ಎತ್ತಿ ನಿಂತವರ ಹಾಗೆ ಕಾಣುತ್ತಿತ್ತು. ಆ ಮುಷ್ಟಿಗಳಿಂದ ಎಳೆ ಚಿಗುರು ಹೊರಟಿತ್ತು. ನಮ್ಮ ಊರನ್ನೇ ಯಾರೋ ಕನಸಿನಲ್ಲಿ ದೊಡ್ಡದಾಗಿ ಬರೆದಿದ್ದಾರೆ ಅನ್ನಿಸಿತು.

ಎದುರು ಸೀಟಿನಲ್ಲಿ ಚೌಕ ಟೋಪಿಯ ಅಜ್ಜ ಒಬ್ಬರು ಕೂತಿದ್ದರು. ಮೇಷ್ಟ್ರು ಕೋಡುಬಳೆ ಡಬ್ಬಿ ತೆಗೆದು ಅವರ ಮುಂದೆ ಹಿಡಿದರು. ಅಜ್ಜ ಬಲಗೈಯನ್ನು ಎದೆಯ ಮೇಲಿಟ್ಟು, ಕಣ್ಣು ಅರ್ಧ ಮುಚ್ಚಿ, ಮುಂದಕ್ಕೆ ಬಾಗಿದರು.

"ಅಯ್ಯೋ, ಎದೆ ಹಿಡ್ಕೊಂಡ್ರು ಕಣವ್ವ. ನೀರು ಕೊಡು ಒಸಿ."

ನಾನು ಗಾಬರಿಯಿಂದ ಬಾಟಲಿ ಚಾಚಿದೆ. ಅಜ್ಜ ಮತ್ತೆ ಎದೆಯ ಮೇಲೆ ಕೈಯಿಟ್ಟು ಬಾಗಿದರು. ಮೇಷ್ಟ್ರು ಎದ್ದು ನಿಂತು ಅವರ ಬೆನ್ನು ನೀವತೊಡಗಿದರು. ಅಜ್ಜ ಬಹಳ ಮರ್ಯಾದಸ್ಥರು, ನೀವಿಸಿಕೊಂಡರು. ನಮ್ಮನ್ನು ಕರೆದೊಯ್ಯಲು ಬಂದಿದ್ದ ಮುಹಬ್ಬತ್ ಒಪ ಚಹಾ ತರಲು ಹೋಗಿದ್ದವರು ಹಿಂತಿರುಗಿ ಇದನ್ನು ನೋಡಿ, ಗೋಡೆ ಹಿಡಿದುಕೊಂಡು ನಕ್ಕರು. ಒಪ ಎಂದರೆ ಅಕ್ಕ. ಶಾಲೆಯಲ್ಲಿ ಹಿಂದಿ ಕಲಿಸುವ ಟೀಚರು, ಈ ಪಂದ್ಯಕ್ಕೆ ನಮ್ಮ ದುಭಾಷಿ.

"ಅವರು 'ಬೇಡ, ನಿಮ್ಮ ದೊಡ್ಡ ಮನಸ್ಸು' ಅಂದರು ಅಷ್ಟೇ" ಎಂದು ಹಿಂದಿಯಲ್ಲಿ ತಿಳಿಸಿದರು. "ಇಲ್ಲಿ ಎಲ್ಲದಕ್ಕೂ ಕೈ ಎದೆಗೆ ಹೋಗುತ್ತದೆ. ಸಲಾಮಿಗೆ, ಥ್ಯಾಂಕ್ಸಿಗೆ, ಕ್ಷಮಿಸಿ ಅನ್ನೋಕೆ, ಸಾಕು ಅನ್ನೋಕೆ, ಹೋಗಿ ಬರ್ತೀನಿ ಅನ್ನೋಕೆ."

"ಹಂಗಾದ್ರೆ ಯಾವ್ದಕ್ಕೆ ಇಟ್ರು ಅಂತ ಹೆಂಗೆ ಗೊತ್ತಾಯ್ತದೆ?" ಮೇಷ್ಟ್ರು ನನ್ನನ್ನು ಕೇಳಿದರು. ನಾನು ಒಪನನ್ನು ಕೇಳಿದೆ. ಒಪ ಭುಜ ಹಾರಿಸಿ, "ಗೊತ್ತಾಗುತ್ತೆ" ಎಂದರು.

ಅಜ್ಜ ಇಳಿಯುವಾಗ ಎರಡು ಕೋಡುಬಳೆ ತೆಗೆದುಕೊಂಡರು.

ಶನಿವಾರ, ಮಾರ್ಗಿಲಾನ್

ಪಂದ್ಯದ ಜಾಗ ಒಂದು ಹಳೆಯ ರೇಷ್ಮೆ ಕಾರ್ಖಾನೆಯ ರಂಗಮಂದಿರ. ಕಾರ್ಖಾನೆಯ ಒಂದು ಭಾಗ ಇನ್ನೂ ನಡೆಯುತ್ತದೆ. ಬಾಗಿಲು ದಾಟಿದ ಕೂಡಲೇ ಬೆಂದ ಗೂಡಿನ ವಾಸನೆ ಮೂಗಿಗೆ ಬಂತು. ಹೊರಗಿನವರು ಮೂಗು ಮುಚ್ಚಿಕೊಳ್ಳುವ ವಾಸನೆ ಅದು. ನಾನು ಅಲ್ಲೇ ನಿಂತೆ. ಎರಡು ದಿನ ಪ್ರಯಾಣ ಮಾಡಿ, ಬೆಟ್ಟ ದಾಟಿ, ನಮ್ಮ ಮನೆಯ ಹಿತ್ತಿಲಿಗೇ ಬಂದಂತಾಯಿತು.

ಚಹಾ ಬಂತು. ಪಿಯಾಲೆ ಎಂಬ ಹಿಡಿಯಿಲ್ಲದ ಬಟ್ಟಲಿನ ತಳದಲ್ಲಿ ಎರಡು ಗುಟುಕು.

"ಇದೇನು, ಮಗೀಗೆ ಔಷಧಿ ಕೊಟ್ಟಂಗೆ" ಎಂದರು ಮೇಷ್ಟ್ರು. "ತುಂಬ್ಸಕ್ಕೆ ಹೇಳವ್ವ."

ತುಂಬಿಸಿ ಕೊಟ್ಟರೆ ಬೇಗ ಕುಡಿದು ಹೊರಡಿ ಎಂದರ್ಥವಂತೆ. ಸ್ವಲ್ಪ ಸ್ವಲ್ಪವೇ ಹಾಕಿ ಮತ್ತೆ ಮತ್ತೆ ಹಾಕುವುದು ಮರ್ಯಾದೆ. ಇದನ್ನು ಒಪ ಹೇಳುವುದರೊಳಗೆ ಮೇಷ್ಟ್ರು ಕೆಟಲ್ ಎತ್ತಿ ತಮ್ಮ ಪಿಯಾಲೆ ತುಂಬಿಸಿಕೊಂಡಾಗಿತ್ತು. ಆಮೇಲೆ ರೊಟ್ಟಿ. ದುಂಡಗೆ, ನಡುವೆ ಮುದ್ರೆ ಒತ್ತಿದ ರೊಟ್ಟಿ. ಮೇಷ್ಟ್ರು ಮುರಿದು ಉಳಿದದ್ದನ್ನು ಬೋರಲು ಇಟ್ಟರು. ಪಕ್ಕದಲ್ಲಿದ್ದ ಹುಡುಗ ಏನೂ ಹೇಳದೆ ಅದನ್ನು ಮೇಲ್ಮುಖ ಮಾಡಿದ. ಇಲ್ಲಿ ರೊಟ್ಟಿಯನ್ನು ಬೋರಲು ಇಡಬಾರದು. ಆ ಹತ್ತು ದಿನಗಳಲ್ಲಿ ಮೇಷ್ಟ್ರು ಬೋರಲಿಟ್ಟ ರೊಟ್ಟಿಗಳು ಹದಿನಾಲ್ಕು, ಯಾರೋ ಸದ್ದಿಲ್ಲದೆ ತಿರುಗಿಸಿದವೂ ಹದಿನಾಲ್ಕೇ.

ಹತ್ತು ಮಂದಿಯಲ್ಲಿ ಒಂಬತ್ತು ಹುಡುಗರು, ಒಬ್ಬಳೇ ಹುಡುಗಿ. ನಿಗೋರಾ, ಹದಿನೈದು ವರ್ಷ. ಬೆಟ್ಟದ ಬುಡದ ಹಳ್ಳಿಯವಳು. ಆಟ ಶುರುವಾಗುವ ಮೊದಲು, ಮುಗಿದ ಮೇಲೆ ಆಟಗಾರರು ಕೈ ಕುಲುಕುವುದು ಎಲ್ಲ ಕಡೆಯ ರೂಢಿ. ನಿಗೋರಾ ಕೈ ಚಾಚಲಿಲ್ಲ. ಎದೆಯ ಮೇಲಿಟ್ಟು ತಲೆ ಬಾಗಿಸಿದಳು. ಎದುರಿನ ಹುಡುಗನೂ ಹಾಗೇ ಮಾಡಿದ. ಯಾರಿಗೂ ವಿಚಿತ್ರವೆನಿಸಲಿಲ್ಲ. ಮೇಷ್ಟ್ರು ನನ್ನ ಕಿವಿಯಲ್ಲಿ, "ಒಳ್ಳೇದೇ ಬುಡು, ಬೆವರ್ ಕೈ ಮುಟ್ಟೋದು ತಪ್ತು" ಎಂದರು.

ಮಂಗಳವಾರ, ಅಂಗಳದ ಮರ

ಆಟ ನಡೆಯುವಾಗಿನ ಮೌನವನ್ನು ಹೇಗೆ ವಿವರಿಸಲಿ? ಎತ್ತರದ ಕಿಟಕಿಗಳಿಂದ ಬೆಳಕು ಐದು ಮೇಜುಗಳ ಮೇಲೆ ಓರೆಯಾಗಿ ಬೀಳುತ್ತಿತ್ತು. ಕಾಯಿ ಎತ್ತುವ, ಇಡುವ, ನಡೆ ಬರೆದುಕೊಳ್ಳುವ ಸದ್ದು ಬಿಟ್ಟರೆ ಏನೂ ಇಲ್ಲ. ಒಮ್ಮೆ ನಾನು ದೊಡ್ಡಆಲಹಳ್ಳಿಯಲ್ಲಿ ಮೇಷ್ಟ್ರ ಹುಳದ ಮನೆಗೆ ಹೋಗಿದ್ದೆ. ಕತ್ತಲ ಕೋಣೆಯಲ್ಲಿ ಸಾವಿರಾರು ಹುಳ ಒಟ್ಟಿಗೆ ಸೊಪ್ಪು ತಿನ್ನುವ ಸದ್ದು. ಅದೂ ಇದೂ ಒಂದೇ. ಯಾವುದೋ ನಡೆಯುತ್ತಿದೆ, ಆದರೆ ಕಣ್ಣಿಗೆ ಬೀಳುವುದಿಲ್ಲ. ಮೇಜುಗಳ ನಡುವೆ ಓಡಾಡುತ್ತ ನಾನು ಎಷ್ಟೋ ಸಲ ಯಾವ ಊರಿನಲ್ಲಿದ್ದೇನೆ ಎಂಬುದನ್ನೇ ಮರೆಯುತ್ತಿದ್ದೆ.

ಎಚ್ಚರಿಸಿದ್ದು ಒಂದು ಕಲೆ. ಬಿಳಿ ಕುದುರೆಯ ಕಿವಿಯ ಮೇಲೆ ನೇರಳೆ ಬಣ್ಣ. ನೋಡಿದರೆ ಮೂರು ಮೇಜುಗಳ ಬಿಳಿ ಕಾಯಿಗಳಿಗೆಲ್ಲ ಹತ್ತಿತ್ತು. ಅಂಗಳದಲ್ಲಿದ್ದ ಹಿಪ್ಪುನೇರಳೆ ಮರದ ಹಣ್ಣು. ಊಟವಾದ ಮೇಲೆ ಹತ್ತೂ ಮಕ್ಕಳು ಮರದ ಕೆಳಗೇ ಇರುತ್ತಿದ್ದರು. ಮಾರನೆಯ ದಿನದಿಂದ ಮೇಷ್ಟ್ರು ಬಾಗಿಲಲ್ಲಿ ನಿಂತು, ಶಾಲೆಯಲ್ಲಿ ಮಾಡುತ್ತಿದ್ದ ಹಾಗೆ, ಒಬ್ಬೊಬ್ಬರ ಅಂಗೈ ತಿರುಗಿಸಿ ನೋಡಿ ಒಳಗೆ ಬಿಟ್ಟರು. ಭಾಷೆ ಬೇಕಾಗಲಿಲ್ಲ. "ತೊಳ್ಕೊಂಡ್ ಬಾ ಓಗ್ಲಾ" ಎಂದರೆ ಉಜ್ಬೇಕಿಸ್ತಾನದ ಹುಡುಗರೂ ನಲ್ಲಿಗೇ ಹೋದರು.

ಆ ಮರದ ಕೆಳಗೇ ನಿಗೋರಾ ಒಂದು ಮಧ್ಯಾಹ್ನ ಒಪನ ಮೂಲಕ ನನ್ನ ಜೊತೆ ಮಾತಾಡಿದಳು. ನಮ್ಮೂರಿನಲ್ಲಿ ಹುಡುಗಿಯರು ಆಡುತ್ತಾರಾ ಎಂದು ಕೇಳಿದಳು. ಆಡುತ್ತಾರೆ, ಎಸ್ಸೆಸ್ಸೆಲ್ಸಿ ಬಂದಾಗ ಬಿಡುತ್ತಾರೆ ಎಂದೆ. ಒಪ ಅದನ್ನು ಅನುವಾದಿಸುವ ಮೊದಲೇ ಅವಳಿಗೆ ಅರ್ಥವಾದಂತಿತ್ತು.

"ನಮ್ಮ ಹಳ್ಳಿಯಲ್ಲಿ ನನ್ನ ಜೊತೆ ಆಡುವವರು ಯಾರೂ ಇಲ್ಲ. ಅಣ್ಣನ ಫೋನಿನ ಜೊತೆ ಆಡ್ತೀನಿ. ಅಣ್ಣ ಈ ಬೇಸಿಗೆ ಕೆಲಸಕ್ಕೆ ಬೇರೆ ದೇಶಕ್ಕೆ ಹೋಗ್ತಾನೆ. ಫೋನೂ ಅವನ ಜೊತೆ ಹೋಗುತ್ತೆ."

"ಆಮೇಲೆ?"

"ಗೆದ್ದರೆ ತಾಷ್ಕೆಂಟ್. ಗೆಲ್ಲದಿದ್ದರೆ ಅಮ್ಮನ ಜೊತೆ ಹುಳ ಸಾಕ್ತೀನಿ." ಬಾಯಲ್ಲಿ ಹಣ್ಣಿತ್ತು, ನಗುತ್ತಲೇ ಹೇಳಿದಳು.

ಎಂಟು ಸುತ್ತು ಮುಗಿದಾಗಲೂ ಅವಳೇ ಮುಂದಿದ್ದಳು. ಅರ್ಧ ಅಂಕ ಹಿಂದೆ ಬಹ್ರೋಮ್, ಹದಿನೇಳರ ಹುಡುಗ. ಕಿರಿಯರ ವಿಭಾಗದಲ್ಲಿ ಅವನಿಗೆ ಇದೇ ಕೊನೆಯ ವರ್ಷ. ಅವನ ತಂದೆ ಲಾರಿ ಓಡಿಸುವವರು. ಲಾರಿಯನ್ನು ಕಾರ್ಖಾನೆಯ ಹೊರಗೇ ನಿಲ್ಲಿಸಿಕೊಂಡು ಇಡೀ ಪಂದ್ಯ ಅದರಲ್ಲೇ ಮಲಗಿ ಎದ್ದರು. ಕೊನೆಯ ಸುತ್ತಿನಲ್ಲಿ ಇವರಿಬ್ಬರೇ ಎದುರಾಳಿಗಳು. ನಿಗೋರಾಗೆ ಡ್ರಾ ಆದರೆ ಸಾಕು. ಬಹ್ರೋಮ್ ಗೆಲ್ಲಲೇಬೇಕು.

ಭಾನುವಾರ, ಕೊನೆಯ ಸುತ್ತು

ಆಟದ ನಾಲ್ಕನೇ ಗಂಟೆ ನಡೆಯುತ್ತಿತ್ತು. ಉಳಿದ ಮೇಜುಗಳಲ್ಲಿ ಇನ್ನೊಂದೇ ಆಟ ಬಾಕಿ. ಅಲ್ಲಿ ಸಮಯ ಮುಗಿಯುತ್ತ ಬಂದಿದ್ದರಿಂದ ಮೇಷ್ಟ್ರು ಅಲ್ಲಿಗೆ ಹೋಗಿದ್ದರು. ನಿಗೋರಾ ಮತ್ತು ಬಹ್ರೋಮ್ ಆಡುತ್ತಿದ್ದ ಮೇಜಿನ ಪಕ್ಕದಲ್ಲಿ ನಾನೊಬ್ಬಳೇ. ಬಹ್ರೋಮ್‌ಗೆ ಒಂದು ಸಿಪಾಯಿ ಹೆಚ್ಚಿತ್ತು. ಇಬ್ಬರ ಬಳಿಯೂ ಒಂದೊಂದು ಆನೆ. ಕಷ್ಟದ ಸ್ಥಿತಿ, ಆದರೆ ಸೋತ ಸ್ಥಿತಿಯಲ್ಲ.

ಬಹ್ರೋಮ್ ನಡೆ ಆಡಿ ಗಡಿಯಾರ ಒತ್ತಿದ. ಈಗ ನಿಗೋರಾಳ ಸಮಯ ಓಡುತ್ತಿತ್ತು. ಅವಳು ಬರೆಯಲು ಹೋದಾಗ ಪೆನ್ನು ಜಾರಿ ಮೇಜಿನಿಂದ ಉರುಳಿ ಅವನ ಕಾಲ ಬಳಿ ಬಿತ್ತು. ಅವನು ಬಾಗಿ ಎತ್ತಿ ಕೊಟ್ಟ. ಅವಳು ಎಡಗೈಯಲ್ಲಿ ಪೆನ್ನು ತೆಗೆದುಕೊಂಡು, ಬಲಗೈಯನ್ನು ಎದೆಯ ಮೇಲಿಟ್ಟು, ಕಣ್ಣು ಮುಚ್ಚಿ ತಲೆ ಬಾಗಿಸಿದಳು.

ಬಹ್ರೋಮ್ ಒಂದು ಕ್ಷಣ ಅವಳನ್ನೇ ನೋಡಿದ. ಆಮೇಲೆ ಅವನ ಮುಖದಲ್ಲಿ ಏನೋ ಹರಡಿತು, ನಿದ್ದೆಯಿಂದ ಎದ್ದವರ ಮುಖದಲ್ಲಿ ಹರಡುವ ಹಾಗೆ. ಅವನೂ ಎದೆಯ ಮೇಲೆ ಕೈಯಿಟ್ಟ. ಗಡಿಯಾರ ನಿಲ್ಲಿಸಿದ. ಎರಡೂ ರಾಜರನ್ನು ಹಲಗೆಯ ನಡುವಿಗೆ ತಂದಿಟ್ಟ. ಆಟ ಮುಗಿದಾಗ ಫಲಿತಾಂಶ ತೋರಿಸಲು ಹಾಗೆ ಇಡುತ್ತಾರೆ, ಗೆದ್ದದ್ದು ಬಿಳಿಯೋ ಕಪ್ಪೋ ಎಂಬುದಕ್ಕೆ ತಕ್ಕ ಮನೆಗಳಲ್ಲಿ. ಹಲಗೆಗೆ ತಂತಿ ಜೋಡಿಸಿರುತ್ತದೆ, ರಾಜರು ನಡುವೆ ಬಂದ ಕೂಡಲೇ ಹೊರಗಿನ ದೊಡ್ಡ ಪರದೆಯ ಮೇಲೆ ಗೆದ್ದವರ ಹೆಸರು ತಾನಾಗಿಯೇ ಮೂಡುತ್ತದೆ. ಗೋಡೆಯಾಚೆಯಿಂದ ಚಪ್ಪಾಳೆ ಕೇಳಿಸಿತು.

ನಿಗೋರಾ ಕಣ್ಣು ತೆರೆದಾಗ ಅವಳ ರಾಜ ಅವಳಿಟ್ಟ ಜಾಗದಲ್ಲಿರಲಿಲ್ಲ.

ನಾನು ಕೈ ಎತ್ತಿ ಮೇಷ್ಟ್ರನ್ನು ಕರೆದೆ. ಒಪನೂ ಬಂದರು. ಬಹ್ರೋಮ್ ಮೆಲ್ಲನೆ, ಗೌರವದಿಂದಲೇ ಹೇಳಿದ: ಅವಳು ಸೋಲೊಪ್ಪಿಕೊಂಡಳು, ಎಂಟು ಸುತ್ತುಗಳಲ್ಲೂ ಅವಳ ಆಟ ಮುಗಿದದ್ದು ಹೀಗೇ. ಅದು ನಿಜವೇ. ನಿಗೋರಾಳನ್ನು ಕೇಳಿದಾಗ ಅವಳು ಕೈಯಲ್ಲಿದ್ದ ಪೆನ್ನನ್ನು ತೋರಿಸಿದಳು. "ಪೆನ್ನು ಕೊಟ್ಟಿದ್ದಕ್ಕೆ" ಎಂದಳು.

ಒಪ ನಮ್ಮಿಬ್ಬರನ್ನು ಪಕ್ಕಕ್ಕೆ ಕರೆದರು. "ಹೊರಗೆ ಅವನ ತಂದೆಯನ್ನು ಎತ್ತಿಕೊಂಡು ಕುಣಿಯುತ್ತಿದ್ದಾರೆ. ಸಿಹಿ ತರಿಸಿಬಿಟ್ಟಿದ್ದಾರೆ. ಫೋನ್ ಮಾಡಿ ಊರಿಗೆಲ್ಲ ತಿಳಿಸಿದ್ದಾರೆ."

"ಸಿಹಿ ಕೆಡಾಕಿಲ್ಲ. ಕಾಯ್ಲಿ ಬುಡಿ" ಎಂದರು ಮೇಷ್ಟ್ರು. ಅದನ್ನು ನಾನು ಹಿಂದಿಗೆ ತರಲಿಲ್ಲ. ಅವರು ನನ್ನ ಕಡೆ ತಿರುಗಿದರು. "ನೋಡ್ದೋಳು ನೀನೊಬ್ಳೆ. ಏನ್ ನೋಡ್ದೆ?"

"ಸರ್, ಅವಳು ಸೋತೆ ಅಂತ ಅಂದಿರಲಾರಳು ಅನ್ನಿಸುತ್ತೆ..."

"ಅನ್ಸಿದ್ದು ನಂಗೆ ಬ್ಯಾಡ ಕಣವ್ವ. ಆ ಮಗು ಗೆಲ್ಲಿ ಅಂತ ನಿಂಗೆ ಆಸೆ ಐತೆ, ನಂಗೊತ್ತು. ನಂಗೂ ಐತೆ. ನೋಡಿದ್ದು ಹೇಳು."

ಅದು ಸರಿಯಾಗಿಯೇ ನಾಟಿತು. ಮರದ ಕೆಳಗೆ ಕೇಳಿದ ಅಣ್ಣನ ಫೋನಿನ ಕತೆ ನನ್ನ ತಲೆಯಲ್ಲಿತ್ತು. ಅದನ್ನು ಬದಿಗಿಟ್ಟು ಮತ್ತೆ ಆ ಗಳಿಗೆಯನ್ನು ಒಂದೊಂದಾಗಿ ನೋಡಲು ಯತ್ನಿಸಿದೆ. ಲಾರಿಯಲ್ಲಿ ಮಲಗುವ ತಂದೆಯನ್ನೂ ಬದಿಗಿಟ್ಟೆ.

"ಪೆನ್ನು ಎಡಗೈಯಲ್ಲಿತ್ತು, ಕೆಳಗಿಟ್ಟಿರಲಿಲ್ಲ. ಗಡಿಯಾರ ಮುಟ್ಟಿಲ್ಲ, ಅದು ಓಡುತ್ತಲೇ ಇತ್ತು. ನಡೆ ಬರೆಯೋ ಹಾಳೆಗೆ ಸಹಿ ಹಾಕಿಲ್ಲ. ಬೇರೆ ಆಟಗಳಲ್ಲಿ ಮೊದಲು ಗಡಿಯಾರ ನಿಲ್ಲಿಸ್ತಿದ್ದಳು, ಆಮೇಲೆ ಕೈ. ಇಲ್ಲಿ ಬರೀ ಕೈ."

"ಬಾಯಲ್ಲಿ ಏನಾದ್ರೂ ಅಂದ್ಲಾ?"

"ಇಲ್ಲ."

"ಸರಿ." ಮೇಷ್ಟ್ರು ಇಬ್ಬರ ಹಾಳೆಗಳನ್ನೂ ನೋಡಿ, ರಾಜರನ್ನು ತಾವೇ ಎತ್ತಿ ಅವರವರ ಮನೆಗಳಲ್ಲಿ ಇಟ್ಟರು. ಒಪನಿಗೆ ತಮ್ಮ ಹಿಂದಿಯಲ್ಲಿ, ಅರ್ಧ ಕನ್ನಡದಲ್ಲಿ, ಹೇಳಿದರು: "ಹುಡ್ಗುಂಗೆ ಹೇಳಿ, ತಪ್ಪು ಅವುಂದಲ್ಲ. ಅವನ ಜಾಗದಲ್ಲಿ ನಾನಿದ್ರೂ ಅಂಗೇ ತಿಳ್ಕೊತಿದ್ದೆ. ಆದ್ರೆ ಆಟ ಮುಗ್ದಿಲ್ಲ."

ಬಹ್ರೋಮ್‌ನ ಕಣ್ಣು ತುಂಬಿತ್ತು. ಮೇಷ್ಟ್ರು ತಮ್ಮ ಕರವಸ್ತ್ರ ಕೊಟ್ಟರು. ಅವನು ಅಭ್ಯಾಸಬಲದಿಂದ ಕೈಯನ್ನು ಎದೆಗೆ ಒಯ್ದವನು ನಡುವೆಯೇ ತಡೆದು, ಏನು ಮಾಡುವುದೆಂದು ತಿಳಿಯದೆ, ಆ ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡ. ನಾನು ಹೊರಗೆ ಹೋಗಿ, ಪರದೆಯ ಮೇಲಿನ ಹೆಸರನ್ನು ತೆಗೆಸಿದೆ. ಅಲ್ಲಿದ್ದವರು ಸುಮ್ಮನಾದರು. ಬಹ್ರೋಮ್‌ನ ತಂದೆ ಕೈಯಲ್ಲಿದ್ದ ಸಿಹಿಯನ್ನು ತಿನ್ನಲೂ ಆಗದೆ, ತಟ್ಟೆಗೆ ಹಿಂದಿಡಲೂ ಆಗದೆ ಹಿಡಿದು ನಿಂತಿದ್ದರು. ನಾನು ಅವರ ಮುಖ ನೋಡಲಿಲ್ಲ.

ಆಟ ಮತ್ತೆ ಶುರುವಾಯಿತು. ಕಿಟಕಿಯ ಬೆಳಕು ಮೇಜಿನಿಂದ ಇಳಿದು ನೆಲಕ್ಕೆ ಬಂತು, ನೆಲದಿಂದ ಗೋಡೆ ಹತ್ತಿತು. ಬೆಂದ ಗೂಡಿನ ವಾಸನೆ ಬರುತ್ತ ಹೋಗುತ್ತ ಇತ್ತು. ಇನ್ನೊಂದು ಮೇಜಿನ ಆಟವೂ ಮುಗಿದು, ಅಲ್ಲಿನ ಹುಡುಗರು ಹೋಗದೆ ಗೋಡೆಗೊರಗಿ ನಿಂತರು. ನಿಗೋರಾ ಒಂದೊಂದು ನಡೆಗೂ ಬಹಳ ಯೋಚಿಸಿದಳು. ಬಹ್ರೋಮ್ ಮೊದಲಿನ ಕೆಲವು ನಡೆಗಳಲ್ಲಿ ತಡವರಿಸಿದ. ಡ್ರಾ ಆಗುತ್ತದೆ ಎಂದು ನನಗೆ ಎರಡು ಸಲ ಅನ್ನಿಸಿತು. ಎರಡು ಸಲವೂ ನಾನು ಕಿಟಕಿಯ ಕಡೆ ನೋಡಿ ಮುಖ ಸರಿಮಾಡಿಕೊಂಡೆ. ಆಮೇಲೆ ಅವನು ತಡವರಿಸುವುದನ್ನು ಬಿಟ್ಟ. ಸಿಪಾಯಿ ಒಂದು ಮನೆ, ಇನ್ನೊಂದು ಮನೆ ಮುಂದಕ್ಕೆ ಹೋಯಿತು. ಅದನ್ನು ತಡೆಯಲು ಹೋದ ನಿಗೋರಾಳ ಆನೆಗೆ ಮತ್ತೆ ಬೇರೆ ದಾರಿ ಇರಲಿಲ್ಲ.

ಅವಳು ಹಲಗೆಯನ್ನು ನೋಡುತ್ತ ಕೂತಳು. ಗಡಿಯಾರದಲ್ಲಿ ಇನ್ನೂ ಸಮಯವಿತ್ತು. ಪೆನ್ನನ್ನು ಹಾಳೆಯ ಪಕ್ಕದಲ್ಲಿ, ಉರುಳದ ಹಾಗೆ, ಅಡ್ಡ ಇಟ್ಟಳು. ಒಂದು ಬೆರಳಿನಿಂದ ತನ್ನ ರಾಜನನ್ನು ನಿಧಾನವಾಗಿ ಮಲಗಿಸಿದಳು. ಅದು ಹೊರಳಿ ನಿಲ್ಲುವವರೆಗೂ ಕಾದಳು. ಗಡಿಯಾರ ನಿಲ್ಲಿಸಿದಳು. ಆಮೇಲೆ ತಲೆ ಎತ್ತಿ ಬಹ್ರೋಮ್‌ನನ್ನಲ್ಲ, ನನ್ನನ್ನು ನೋಡಿದಳು. ನೋಡಿದೆಯಾ ಎಂದು ಕೇಳುವಂತಿತ್ತು. ನಾನು ತಲೆ ಆಡಿಸಿದೆ. ಆಗ ಬಲಗೈಯನ್ನು ಎದೆಯ ಮೇಲಿಟ್ಟು ಬಾಗಿದಳು.

ಬಹ್ರೋಮ್ ಅಲ್ಲಾಡಲಿಲ್ಲ. ಅವನೂ ನನ್ನನ್ನೇ ನೋಡಿದ. ಅವನಿಗೂ ತಲೆ ಆಡಿಸಿದೆ. ಆಮೇಲೆಯೇ ಅವನ ಕೈ ಮೇಜಿನ ಕೆಳಗಿನಿಂದ ಮೇಲೆ ಬಂತು.

ಮೇಷ್ಟ್ರು ನನ್ನ ಪಕ್ಕದಲ್ಲಿ ನಿಂತಿದ್ದರು. "ಈಗ ಮುಗೀತು ಕಣವ್ವ" ಎಂದರು. "ಬರ್ಕೊ."